ಭತ್ತಕ್ಕೆ ಕಟ್ಟಿದ ಕಟ್ಟೆ, ಹಕ್ಕಿಗೆ ಒದಗಿದ ತಿಟ್ಟು

ರಂಗನತಿಟ್ಟು ಹಕ್ಕಿಗಳಿಗಾಗಿ ಹುಟ್ಟಿದ್ದಲ್ಲ. ಅದರ ಬುಡದಲ್ಲಿರುವುದು ಗದ್ದೆಗೆ ನೀರು ಹಾಯಿಸಲು ಹಾಕಿಸಿದ ಒಂದು ಕಟ್ಟೆ. ಮೈಸೂರಿನ ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ನಡುವೆ, ಶ್ರೀರಂಗಪಟ್ಟಣದಿಂದ ತುಸು ಮೇಲೆ, ಕಾವೇರಿಗೆ ಅಡ್ಡವಾಗಿ ಅದನ್ನು ಕಟ್ಟಿಸಿದರು. ಅವರ ಕಾಲದ ಬಂಗಾರದೊಡ್ಡಿ ನಾಲೆ ಹೊಳೆಯ ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ಪಟ್ಟಣದ ದ್ವೀಪಕ್ಕೆ ನೀರು ತಂದಿತು. ಕಟ್ಟೆಯ ಹಿಂದೆ ನೀರು ನಿಂತಾಗ ತಗ್ಗಿನ ನೆಲವೆಲ್ಲ ಮುಳುಗಿತು. ಎತ್ತರದಲ್ಲಿದ್ದ ಬಂಡೆಗಳೂ ಮಣ್ಣಿನ ದಿಬ್ಬಗಳೂ ನೀರಿನ ನಡುವೆ ಉಳಿದುಕೊಂಡವು. ಅವುಗಳ ಮೇಲೆ ಹೊಳೆಮತ್ತಿ ಬೆಳೆಯಿತು, ಬಿದಿರು ಮೆಳೆಯಾಯಿತು, ಅಂಚಿನಲ್ಲಿ ಮುಂಡುಗ ಹಬ್ಬಿತು. ಹಕ್ಕಿಗಳು ಬಂದವು.

ಬರದೆ ಇರಲು ಕಾರಣವಿರಲಿಲ್ಲ. ಗುಂಪಾಗಿ ಗೂಡು ಕಟ್ಟುವ ದೊಡ್ಡ ನೀರುಹಕ್ಕಿಗಳಿಗೆ ಬೇಕಾದ್ದು ಮೂರು: ಬೆಕ್ಕು, ನಾಯಿ, ಮನುಷ್ಯ ಸುಲಭವಾಗಿ ಹತ್ತಿರ ಸುಳಿಯದ ಮರ, ವರ್ಷವಿಡೀ ಬತ್ತದ ನೀರು, ಹಾರಿಹೋಗಿ ಹೊತ್ತು ಇಳಿಯುವುದರೊಳಗೆ ಮರಿಗಳಿಗೆ ಕೂಳು ತರುವಷ್ಟು ದೂರದಲ್ಲಿ ಮೇವು. ನಡುಗಡ್ಡೆ ಮೊದಲನೆಯದನ್ನು ಕೊಟ್ಟಿತು. ಸುತ್ತ ಬಿದ್ದುಕೊಂಡಿರುವ ಮೊಸಳೆಗಳು ಆ ಕಾವಲನ್ನು ಇನ್ನಷ್ಟು ಬಿಗಿ ಮಾಡಿದವು. ಕಟ್ಟೆ ಎರಡನೆಯದನ್ನು ಕೊಟ್ಟಿತು. ಮೂರನೆಯದನ್ನು ಕೊಟ್ಟವರು ರೈತರು. ಕಂಠೀರವ ನರಸರಾಜರ ನಂತರ ಚಿಕ್ಕದೇವರಾಜ ಒಡೆಯರ ಕಾಲದಲ್ಲೂ ಇಲ್ಲಿ ನಾಲೆಗಳಾದವು, ಕೆ.ಆರ್. ಪೇಟೆ ಕಡೆ ಹೇಮಾವತಿಗೆ ಮಂದಗೆರೆ, ಹೇಮಗಿರಿಯ ಕಟ್ಟೆಗಳು ಬಂದವು. ನಾಲೆ ಹರಿದಲ್ಲೆಲ್ಲ ಗದ್ದೆಯಾಯಿತು. ಗದ್ದೆಯಾದಲ್ಲೆಲ್ಲ ಬಸವನಹುಳು, ಕಪ್ಪೆ, ಏಡಿ, ಸಣ್ಣ ಮೀನು. ಕೊಕ್ಕರೆಗಳ ಅಡುಗೆಮನೆ ಈ ಗದ್ದೆಗಳೇ, ತಿಟ್ಟು ಬರೀ ಮಲಗುವ ಮನೆ. ಪಕ್ಷಿಧಾಮದ ಬೇಲಿಯೊಳಗೆ ಮಾತ್ರ ಹಕ್ಕಿ ಉಳಿಯುತ್ತದೆಂದು ನಂಬಿದವರು ಈ ಮಾತನ್ನು ಮರೆತಿರುತ್ತಾರೆ.

ಅಲ್ಲಿಂದ ಮುಂದಿನ ಮುನ್ನೂರು ವರ್ಷಕ್ಕೆ ಬರಹದ ದಾಖಲೆ ತೆಳುವಾಗುತ್ತದೆ. ಕಂದಾಯ ಬರೆದವರು ನಾಲೆಯ ಲೆಕ್ಕ ಬರೆದರೇ ಹೊರತು ಗೂಡಿನ ಲೆಕ್ಕ ಬರೆಯಲಿಲ್ಲ. ಶ್ರೀರಂಗಪಟ್ಟಣದ ಬಗ್ಗೆ ಬಂದ ಪುಸ್ತಕಗಳಲ್ಲಿ ಮುತ್ತಿಗೆ, ಫಿರಂಗಿ, ಸೆರೆಮನೆಗಳದ್ದೇ ಸದ್ದು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಮರುವರ್ಷ ಮಾತ್ರ ಬೇರೆ ಬಗೆಯ ಕಣ್ಣೊಂದು ಈ ಸೀಮೆಗೆ ಬಿತ್ತು. ಫ್ರಾನ್ಸಿಸ್ ಬುಕಾನನ್ ಸ್ಕಾಟ್ಲೆಂಡಿನವನು, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿದವನು, ಗಿಡಮರಗಳ ಹುಚ್ಚಿನವನು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಶ್ರೀರಂಗಪಟ್ಟಣದ ಸುತ್ತಿನ ನೀರಾವರಿ ಬೇಸಾಯದ ವಿವರ ಎಷ್ಟು ಸೂಕ್ಷ್ಮವಾಗಿದೆಯೆಂದರೆ, ಭತ್ತದ ಒಣಬಿತ್ತನೆ ಹೇಗೆ, ಮೊಳಕೆ ಬಿತ್ತನೆ ಹೇಗೆ, ನಾಟಿ ಹೇಗೆ ಎಂಬುದನ್ನೆಲ್ಲ ಬೇರೆ ಬೇರೆಯಾಗಿ ಬರೆದಿದ್ದಾನೆ. ಹಕ್ಕಿಗಳ ಪಾಲಿಗೆ ಅಂಥ ಪುಟಗಳು ಸಿಗಲಿಲ್ಲ. ಕೆಲವೇ ವರ್ಷದಲ್ಲಿ, 1803ರಿಂದ 1805ರವರೆಗೆ, ಇದೇ ಬುಕಾನನ್ ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದಲ್ಲಿ ಪ್ರಾಣಿಸಂಗ್ರಹ ನೋಡಿಕೊಳ್ಳುತ್ತ ಹಕ್ಕಿಗಳ ಚಿತ್ರಗಳನ್ನು ಬರೆಸಿದ. ಆ ಆಸಕ್ತಿ ಮೈಸೂರಿನ ಮಟ್ಟಿಗೆ ಮೂರು ವರ್ಷ ತಡವಾಗಿ ಹುಟ್ಟಿತೆನ್ನಬೇಕು.

ಕೋವಿ ಹಿಡಿದು ಬಂದವರು

ಈ ಕಥೆಗೆ ತಿರುವು ಸಿಕ್ಕಿದ್ದು 1939–40ರಲ್ಲಿ. ಆಗ ಮಂಡ್ಯ ಇನ್ನೂ ಹಸಿ ಜಿಲ್ಲೆ. ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದದ್ದೇ 1939ರ ಜುಲೈ 1ರಂದು. ಕೃಷ್ಣರಾಜಸಾಗರ ತುಂಬಿ ಇನ್ನೂ ದಶಕವಾಗಿರಲಿಲ್ಲ. ಆಗ ಇರ್ವಿನ್ ನಾಲೆಯೆಂದು ಕರೆಯುತ್ತಿದ್ದ ಈಗಿನ ವಿಶ್ವೇಶ್ವರಯ್ಯ ನಾಲೆಯ ನೀರು ಹೊಸ ಹೊಸ ಹೊಲಗಳನ್ನು ಗದ್ದೆ ಮಾಡುತ್ತಿತ್ತು. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹಳೆಯ ಹೆಸರು ಅಂಟಿಕೊಂಡಿದ್ದ ಕಾಲ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಆಗ ಬಂದವರು ಮುಂಬಯಿಯ ಸಲೀಂ ಅಲಿ.

ಮುಂದೆ ಪದ್ಮವಿಭೂಷಣರಾದ, ಅಂಚೆಚೀಟಿಯ ಮೇಲೆ ಬಂದ ಸಲೀಂ ಅಲಿ ಬೇರೆ. ಅಂದು ಮೈಸೂರಿಗೆ ಬಂದ ಸಲೀಂ ಅಲಿ ಬೇರೆ. ವಯಸ್ಸು ನಲವತ್ತಮೂರು. ಕೈಯಲ್ಲಿ ನೌಕರಿ ಇರಲಿಲ್ಲ. ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸ್‌ಮನ್ ಎಂಬ ದೊಡ್ಡ ಪಕ್ಷಿವಿಜ್ಞಾನಿಯ ಬಳಿ ಕಲಿತು ಬಂದಿದ್ದರೂ ಊರಿನಲ್ಲಿ ಆ ವಿದ್ಯೆಗೆ ಸಂಬಳ ಕೊಡುವವರಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ ಸರಳ. ದೇಶೀ ಸಂಸ್ಥಾನಗಳ ಮುಂದೆ ಹೋಗಿ, ‘ನನಗೆ ಸಂಬಳ ಬೇಡ, ಬಿಡಾರದ ಖರ್ಚು ಕೊಡಿ, ನಿಮ್ಮ ಸೀಮೆಯ ಹಕ್ಕಿಗಳ ಪಟ್ಟಿ ಮಾಡಿಕೊಡುತ್ತೇನೆ’ ಎಂಬ ಕರಾರು. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಹಾಗೆ ಮುಗಿದಿದ್ದವು. ಆ ಶಿಬಿರಗಳಲ್ಲಿ ಜೊತೆಗಿದ್ದು ಬಿಡಾರದ ಹೊರೆ ಹೊತ್ತವರು ಹೆಂಡತಿ ತಹಮೀನಾ. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ಬಳಿಕ ಆಕೆ ತೀರಿಕೊಂಡರು. ಮೈಸೂರಿನ ಸಮೀಕ್ಷೆ ಆ ಸಾವಿನ ಬೆನ್ನಿಗೇ ಬಂದ ಕೆಲಸ.

ಸಮೀಕ್ಷೆ ಅಂದರೆ ಇಂದಿನ ಹಾಗೆ ಬೈನಾಕ್ಯುಲರ್ ಹಿಡಿದು ಮರದಡಿ ಕೂರುವುದಾಗಿರಲಿಲ್ಲ. ಬೆಳಕು ಹರಿಯುವ ಮೊದಲೇ ಕೋವಿ ಹಿಡಿದು ಹೊರಡುವುದು, ಗುರುತಿಗೆ ಬೇಕಾದಷ್ಟು ಹಕ್ಕಿ ಹೊಡೆಯುವುದು, ಬಿಸಿಲೇರುವ ಹೊತ್ತಿಗೆ ಬಿಡಾರಕ್ಕೆ ಬಂದು ತೊಗಲು ಸುಲಿಯುವುದು. ಒಳಗೆ ಹತ್ತಿ ತುಂಬಿ, ಕೆಡದಂತೆ ಔಷಧ ಸವರಿ, ಕಾಲಿಗೆ ಊರು, ದಿನ, ಗಂಡೋ ಹೆಣ್ಣೋ ಬರೆದ ಚೀಟಿ ಕಟ್ಟುವುದು. ಹಾಗೆ ಕಲೆಹಾಕಿದ ಮಾದರಿಗಳನ್ನು ಹೋಲಿಸಿ ನೋಡಲು ನೆರವಾದವನು ಹ್ಯೂ ವಿಸ್ಲರ್. ಪಂಜಾಬಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು ಇಂಗ್ಲೆಂಡಿಗೆ ಮರಳಿದ್ದವನು. ‘ಮೈಸೂರಿನ ಹಕ್ಕಿಗಳು’ ಎಂಬ ಹೆಸರಿನಲ್ಲಿ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1942–43ರಲ್ಲಿ ಕಂತುಗಳಾಗಿ ಬಂತು. ವಿಸ್ಲರ್ 1943ರಲ್ಲಿ ತೀರಿಕೊಂಡ. ಸಮೀಕ್ಷೆಗೂ ವರದಿಗೂ ನಡುವೆ, 1941ರಲ್ಲಿ, ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಹೊರಬಂತು. ಈ ದೇಶದಲ್ಲಿ ಹಕ್ಕಿ ನೋಡುವ ಹವ್ಯಾಸಕ್ಕೆ ಅಕ್ಷರಾಭ್ಯಾಸ ಮಾಡಿಸಿದ್ದು ಆ ಪುಸ್ತಕವೇ.

ವರದಿಗಿಂತ ಮೊದಲೇ ಸಮೀಕ್ಷೆಯ ಫಲವೊಂದು ಕೈಗೆ ಬಂದಿತ್ತು. ಶ್ರೀರಂಗಪಟ್ಟಣದ ಮೇಲಿನ ನಡುಗಡ್ಡೆಗಳು ನೀರುಹಕ್ಕಿಗಳ ದೊಡ್ಡ ಸಂತಾನತಾಣವೆಂದು ಕಂಡುಕೊಂಡ ಸಲೀಂ ಅಲಿ, ಅದನ್ನು ಕಾಯ್ದಿಡಬೇಕೆಂದು ಮೈಸೂರಿನ ಅರಸರ ಮುಂದೆ ಒತ್ತಾಯ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಣೆಯಾಯಿತು. ಸುಮಾರು 67 ಹೆಕ್ಟೇರ್. ಆ ವರ್ಷ ಮೈಸೂರಿಗೆ ಸುಮ್ಮನಿರುವ ವರ್ಷವಲ್ಲ: ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು, ಸೆಪ್ಟೆಂಬರಿನಲ್ಲಿ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಯುರೋಪಿನಲ್ಲಿ ಯುದ್ಧ ಹೊತ್ತಿ ಉರಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಕೊಕ್ಕರೆಗಳಿಗಾಗಿ ಹೊಳೆಯ ಒಂದು ತುಂಡನ್ನು ತೆಗೆದಿಟ್ಟದ್ದು ಸಣ್ಣ ಮಾತಲ್ಲ.

ಎಷ್ಟು ದೊಡ್ಡ ಮಾತು ಎಂಬುದು ಪಕ್ಕದಲ್ಲಿ ಇನ್ನೊಂದು ಸಂಸ್ಥಾನವನ್ನಿಟ್ಟು ನೋಡಿದರೆ ತಿಳಿಯುತ್ತದೆ. ಅದಕ್ಕೆ ಎರಡೇ ವರ್ಷ ಹಿಂದೆ, 1938ರಲ್ಲಿ, ರಾಜಸ್ಥಾನದ ಭರತಪುರದಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಗೌರವಾರ್ಥ ಬಾತುಕೋಳಿ ಬೇಟೆ ನಡೆದು ಒಂದೇ ದಿನದಲ್ಲಿ 4,273 ಹಕ್ಕಿಗಳು ಕೆಳಗುರುಳಿದವು. ಆ ಲೆಕ್ಕವನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಇಂದಿಗೂ ಅಲ್ಲಿ ಓದಬಹುದು. ಅದೇ ಕಾಲದಲ್ಲಿ ಇಲ್ಲಿ ಕೋವಿ ಹಿಡಿದು ಬಂದವರೊಬ್ಬರು, ಈ ತಿಟ್ಟಿನಲ್ಲಿ ಕೋವಿ ಬೇಡ ಎಂದು ಹೇಳಿ ಹೋದರು.

ಜಯಚಾಮರಾಜ ಒಡೆಯರ ಆಸಕ್ತಿ ಅಲ್ಲಿಗೇ ನಿಲ್ಲಲಿಲ್ಲ. 1952ರಲ್ಲಿ ಕೇಂದ್ರ ಸರ್ಕಾರ ಭಾರತೀಯ ವನ್ಯಜೀವಿ ಮಂಡಳಿ ಸ್ಥಾಪಿಸಿದಾಗ ಅದರ ಮೊದಲ ಅಧ್ಯಕ್ಷರು ಅವರು, ಮೊದಲ ಸಭೆ ನಡೆದದ್ದು ಮೈಸೂರಿನಲ್ಲಿ. ಅರಸೊತ್ತಿಗೆಯ ಮಾತು ಬಂದಾಗ ದಸರಾ, ಅರಮನೆ, ಸಂಗೀತ ಎಲ್ಲ ನೆನಪಾಗುತ್ತವೆ. ಈ ಸಭೆ ಯಾರ ಭಾಷಣದಲ್ಲೂ ಕೇಳಿಸುವುದಿಲ್ಲ.

ಮುಂದಿನ ಎರಡು ಮೂರು ದಶಕ ಸರ್ಕಾರಿ ಕಡತಗಳದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಅರಣ್ಯ ಇಲಾಖೆಯ ಕಾವಲು ಗಟ್ಟಿಯಾಯಿತು, ದೋಣಿ ಬಂತು, ಟಿಕೆಟ್ ಬಂತು. ದಾಟಿಕೊಂಡು ಹೋಗಬಹುದಾದ ವರ್ಷಗಳು.

ದೋಣಿಯ ಹತ್ತಿರದಿಂದ

ರಂಗನತಿಟ್ಟಿನ ಹೆಚ್ಚುಗಾರಿಕೆ ಇರುವುದು ಹಕ್ಕಿಗಳ ಸಂಖ್ಯೆಯಲ್ಲಲ್ಲ, ಅವು ಸಿಗುವ ದೂರದಲ್ಲಿ. ಬೇರೆಡೆ ದುರ್ಬೀನಿನಲ್ಲಿ ಕಾಣುವುದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಅಂಬಿಗ ಹುಟ್ಟು ಎತ್ತಿ ಹಿಡಿದು ದೋಣಿಯನ್ನು ಹರಿವಿಗೆ ಬಿಟ್ಟರೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಕದಲುವುದೇ ಇಲ್ಲ. ಅದು ಬಾಯಿ ತೆರೆದಿರುವುದು ಹೆದರಿಸಲಲ್ಲ, ಮೈಯ ಕಾವು ಇಳಿಸಿಕೊಳ್ಳಲು.

ಬಾಯ್ಕಳಕ ಕೊಕ್ಕರೆಯ ಕೊಕ್ಕನ್ನು ಈ ದೂರದಿಂದ ನೋಡಬೇಕು. ಕೊಕ್ಕು ಮುಚ್ಚಿದರೂ ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಸಂದು ಉಳಿಯುತ್ತದೆ, ಆಚೆಯ ಆಕಾಶ ಕಾಣುತ್ತದೆ. ಮರಿಗಳಿಗೆ ಈ ಸಂದು ಇರುವುದಿಲ್ಲ, ಬೆಳೆಯುತ್ತ ಬರುತ್ತದೆ. ಗದ್ದೆಯ ಬಸವನಹುಳುವನ್ನು ಹಿಡಿದಾಗ ಈ ಹಕ್ಕಿ ಚಿಪ್ಪನ್ನು ಒಡೆಯುವುದಿಲ್ಲ. ಕೆಳಗೊಕ್ಕಿನ ಚೂಪು ತುದಿಯನ್ನು ಚಿಪ್ಪಿನ ಮುಚ್ಚಳದಡಿ ತೂರಿಸಿ, ಹುಳುವನ್ನು ಚಿಪ್ಪಿಗೆ ಕಟ್ಟಿಹಾಕಿರುವ ಸ್ನಾಯು ಕತ್ತರಿಸಿ, ಮಾಂಸವನ್ನಷ್ಟೇ ಹೊರಗೆಳೆಯುತ್ತದೆ. ಚಿಪ್ಪು ಬಹುಪಾಲು ಇಡಿಯಾಗಿಯೇ ಉಳಿಯುತ್ತದೆ.

ಬಣ್ಣದ ಕೊಕ್ಕರೆಗಳದ್ದು ಬೇರೆ ಕಸುಬು. ಅರ್ಧ ತೆರೆದ ಕೊಕ್ಕನ್ನು ಕೆಸರುನೀರಿನಲ್ಲಿ ಮುಳುಗಿಸಿ ಅತ್ತಿತ್ತ ಆಡಿಸುತ್ತ ನಡೆಯುತ್ತವೆ. ಮೀನು ಕಣ್ಣಿಗೆ ಕಾಣಬೇಕಿಲ್ಲ, ಕೊಕ್ಕಿಗೆ ತಾಗಿದರೆ ಸಾಕು, ಮುಚ್ಚಿಕೊಳ್ಳುತ್ತದೆ. ಮಾರ್ಚ್ ಏಪ್ರಿಲ್‌ ಬಿಸಿಲಿನಲ್ಲಿ ಗೂಡಿನ ಅಂಚಿಗೆ ನಿಂತು, ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಬಿಚ್ಚಿ ಮರಿಗಳ ಮೇಲೆ ನೆರಳು ಹಿಡಿಯುತ್ತವೆ. ಗಂಟಲಲ್ಲಿ ತಂದ ನೀರನ್ನು ಮರಿಗಳ ಮೇಲೆ ಸುರಿಯುತ್ತವೆ. ಇವುಗಳ ಗೂಡು ಚಳಿಗಾಲ ಬೇಸಿಗೆಗಳಲ್ಲಿ. ಬಾಯ್ಕಳಕ, ಬಕ, ನೀರುಕಾಗೆಗಳದ್ದು ಹೆಚ್ಚಾಗಿ ಮಳೆಗಾಲದಲ್ಲಿ. ಹೆಜ್ಜಾರ್ಲೆ, ಚಮಚದ ಕೊಕ್ಕು, ಕರಿತಲೆಯ ಕೆಂಬರಲು, ಕತ್ತು ಮಾತ್ರ ನೀರಿನ ಮೇಲಿಟ್ಟು ಈಜುವ ಹಾವಕ್ಕಿ, ಬಂಡೆಯ ಬರಿಮೈ ಮೇಲೆಯೇ ಮೊಟ್ಟೆಯಿಡುವ ನದಿರೀವ, ಬಂಡೆಗಳಿಗೆ ಮಣ್ಣಿನ ಗೂಡು ಮೆತ್ತುವ ಕವಲುಬಾಲದ ಅಂಬರಗುಬ್ಬಿಗಳು, ಮರಕ್ಕೆ ಜೋತುಬಿದ್ದ ತೊಗಲುಬಾವಲಿಗಳು: ಎಲ್ಲಕ್ಕೂ ಈ ಕೆಲವು ತಿಟ್ಟುಗಳೇ.

ಇಷ್ಟೆಲ್ಲವನ್ನು ನೋಡಲು ಸಾಮಾನ್ಯ ಪ್ರವಾಸಿಗೆ ಸಿಗುವ ಹೊತ್ತು ದೋಣಿಯ ಒಂದು ಸುತ್ತು. ಮೈಸೂರಿನ ‘ಒಂದು ದಿನದ ಟೂರ್’ ಪಟ್ಟಿಯಲ್ಲಿ ಅರಮನೆ, ಚಾಮುಂಡಿ ಬೆಟ್ಟ, ದರಿಯಾ ದೌಲತ್, ಗುಂಬಜ್‌ಗಳ ನಂತರ, ಬೃಂದಾವನದ ಕಾರಂಜಿಗೆ ಮೊದಲು, ರಂಗನತಿಟ್ಟು ಸಿಕ್ಕಿಕೊಂಡಿರುತ್ತದೆ. ಬಸ್ಸು ಬರುವುದು ನೆತ್ತಿ ಸುಡುವ ಹೊತ್ತಿಗೆ. ಅರ್ಧ ಹಕ್ಕಿಗಳು ಗದ್ದೆಗೆ ಹೋಗಿರುತ್ತವೆ, ಉಳಿದವು ನೆರಳಿಗೆ ಸರಿದಿರುತ್ತವೆ. ಮೊಸಳೆ ಕಂಡರೆ ಕೂಗು, ಕಾಣದಿದ್ದರೆ ಬೇಸರ. ಹಕ್ಕಿ ನೋಡಲೆಂದೇ ಬಂದು ರಾತ್ರಿ ತಂಗಿ, ಬೆಳಿಗ್ಗೆ ಮತ್ತೆ ಹೋಗುವ ಪ್ರವಾಸ ನಮ್ಮಲ್ಲಿ ಬೇರೂರಲಿಲ್ಲ.

ಅದು ಬೇರೂರಿದ ಕಡೆ ಹೇಗೆ ಬೇರೂರಿತು ಎಂಬುದಕ್ಕೆ ಸ್ಕಾಟ್ಲೆಂಡಿನ ಗಾರ್ಟನ್ ಸರೋವರದ ಕಥೆ ಸಾಕು. ಮೀನು ಹಿಡಿಯುವ ಓಸ್ಪ್ರೇ ಹದ್ದುಗಳು ಬೇಟೆ ಮತ್ತು ಮೊಟ್ಟೆ ಸಂಗ್ರಹದ ಹುಚ್ಚಿಗೆ ಸಿಕ್ಕಿ ಬ್ರಿಟನ್ನಿನಿಂದ ಅಳಿದುಹೋಗಿದ್ದವು. 1954ರಲ್ಲಿ ಒಂದು ಜೋಡಿ ಅಲ್ಲಿ ಮತ್ತೆ ಗೂಡು ಕಟ್ಟಿತು. 1958ರಲ್ಲಿ ಕಳ್ಳನೊಬ್ಬ ರಾತ್ರಿ ಮರ ಹತ್ತಿ ಮೊಟ್ಟೆ ಎತ್ತಿ, ಬೂಟ್ ಪಾಲಿಶ್ ಬಳಿದ ಕೋಳಿಮೊಟ್ಟೆ ಇಟ್ಟು ಓಡಿದ. ಅಲ್ಲಿನ ಪಕ್ಷಿ ಸಂರಕ್ಷಣಾ ಸಂಸ್ಥೆಯ ಜಾರ್ಜ್ ವಾಟರ್‌ಸ್ಟನ್ ಆಗ ಮಾಡಿದ್ದು ಉಲ್ಟಾ ಕೆಲಸ. ಗೂಡನ್ನು ಬಚ್ಚಿಡುವ ಬದಲು, 1959ರಲ್ಲಿ ದೂರದಲ್ಲೊಂದು ಮರೆಗೂಡು ಕಟ್ಟಿ, ದುರ್ಬೀನು ಇಟ್ಟು, ಎಲ್ಲರೂ ಬಂದು ನೋಡಿ ಎಂದ. ಆ ಬೇಸಿಗೆಯಲ್ಲೇ ಸಾವಿರಾರು ಜನ ಬಂದರು. ಮೊಟ್ಟೆಗೆ ಜನರ ಕಣ್ಣೇ ಕಾವಲಾಯಿತು. ಸುತ್ತಿನ ಹಳ್ಳಿಗಳ ವಸತಿಗೃಹಗಳಿಗೆ ದುಡಿಮೆಯಾಯಿತು. ಅದೇ ವಾಟರ್‌ಸ್ಟನ್ ಅದಕ್ಕೂ ಮೊದಲು ಫೇರ್ ಐಲ್ ಎಂಬ ಗಾಳಿಹೊಡೆತದ ದ್ವೀಪವನ್ನೇ ಕೊಂಡು, 1948ರಲ್ಲಿ ಉಳಿದುಕೊಂಡು ಹಕ್ಕಿ ನೋಡುವ ಕೇಂದ್ರ ತೆರೆದಿದ್ದ. ಓಸ್ಪ್ರೇ ಮೈಸೂರು ಸೀಮೆಗೂ ಹೊಸದಲ್ಲ. ಚಳಿಗಾಲದಲ್ಲಿ ಕನ್ನಂಬಾಡಿಯ, ಅಂದರೆ ಕೃಷ್ಣರಾಜಸಾಗರದ, ಹಿನ್ನೀರಿನ ಮೇಲೆ ಸುಳಿಯುತ್ತದೆ. ಸ್ಕಾಟ್ಲೆಂಡಿನವು ಮಾತ್ರ ಪಶ್ಚಿಮ ಆಫ್ರಿಕಾದ ಹಾದಿ ಹಿಡಿಯುತ್ತವೆ, ಇಲ್ಲಿಗೆ ಬರುವುದಿಲ್ಲ.

ಮಂಡ್ಯ ಸೀಮೆಯಲ್ಲೇ ಜನರ ಕಾವಲಿಗೆ ಒಳ್ಳೆಯ ಮಾದರಿ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ 1976ರಲ್ಲಿ ಅದನ್ನು ಹೊರಲೋಕಕ್ಕೆ ತಿಳಿಸಿದರು. ಮೈಸೂರಿನ ಹವ್ಯಾಸಿ ಪಕ್ಷಿವೀಕ್ಷಕರು ಊರಿನವರ ಜೊತೆ ನಿಂತು ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿ ಬೇಲಿಯಿಲ್ಲ, ದೋಣಿಯಿಲ್ಲ.

ಮೇಲಿನ ಅಣೆಕಟ್ಟೆ

ಒಂದು ಕಟ್ಟೆಯಿಂದ ಹುಟ್ಟಿದ ತಿಟ್ಟುಗಳಿಗೆ ಈಗ ಕಂಟಕ ಬಂದಿರುವುದು ಇನ್ನೊಂದು ಕಟ್ಟೆಯಿಂದ. ರಂಗನತಿಟ್ಟಿರುವುದು ಕೃಷ್ಣರಾಜಸಾಗರದ (ಕೆಆರ್‌ಎಸ್‌) ಕೆಳಗೆ. ಅಣೆಕಟ್ಟೆ 124.80 ಅಡಿ ತುಂಬಿ, ಮೇಲೆ ಕೊಡಗಿನಲ್ಲಿ ಮಳೆ ನಿಲ್ಲದಿದ್ದರೆ ಗೇಟು ತೆರೆಯಲೇಬೇಕು. ಹೊರಹರಿವು ಲಕ್ಷ ಕ್ಯುಸೆಕ್ ಸಮೀಪಿಸಿದರೆ ತಿಟ್ಟುಗಳು ಮುಳುಗುತ್ತವೆ, ತಗ್ಗಿನ ಕೊಂಬೆಯ ಗೂಡುಗಳು ಮೊಟ್ಟೆ ಮರಿ ಸಮೇತ ಹೋಗುತ್ತವೆ, ಬೇರಿನಡಿಯ ಮಣ್ಣು ಕರಗಿ ಮರಗಳು ಬೀಳುತ್ತವೆ. 2018 ಮತ್ತು 2019ರ ಮಳೆಗಾಲಗಳು ಹೀಗೆ ಒಂದರ ಹಿಂದೊಂದು ಹೊಡೆದವು. ಅರಣ್ಯ ಇಲಾಖೆ ಆಮೇಲೆ ಮರಳಿನ ಮೂಟೆ ಜೋಡಿಸಿ ಕೊರೆದುಹೋದ ಅಂಚುಗಳನ್ನು ಕಟ್ಟಿತು. ಬೇಸಿಗೆಯ ಕಷ್ಟ ಇನ್ನೊಂದು ಬಗೆಯದು: ಹೊಳೆ ಇಳಿದು ಬಂಡೆ ತೇಲಿದಾಗ ನದಿರೀವಗಳು ಅಲ್ಲೇ ಮೊಟ್ಟೆಯಿಟ್ಟಿರುತ್ತವೆ, ನಾಲೆಗೋ ಕುಡಿಯುವ ನೀರಿಗೋ ಏಕಾಏಕಿ ನೀರು ಬಿಟ್ಟರೆ ಆ ವರ್ಷದ ಸಂತಾನ ಮುಗಿಯಿತು.

ಕಾವೇರಿ ನೀರಿಗಾಗಿ ಈ ಜಿಲ್ಲೆಯಲ್ಲಿ ಹೆದ್ದಾರಿ ತಡೆದಿದ್ದಾರೆ, ಹೊಳೆಗಿಳಿದು ಕೂಗಿದ್ದಾರೆ, ಕೋರ್ಟು, ನ್ಯಾಯಮಂಡಳಿ, ಪ್ರಾಧಿಕಾರ ಎಲ್ಲ ಆಗಿದೆ. ಎರಡು ರಾಜ್ಯಗಳ ಟಿಎಂಸಿ ಲೆಕ್ಕದ ಜಗಳದಲ್ಲಿ ಹಕ್ಕಿಗಳದ್ದೊಂದು ಪಾಲು ಎಂದು ಯಾರಾದರೂ ಬಾಯಿ ತೆಗೆದರೆ ನಗುತ್ತಾರೆ. ಗೇಟು ತೆರೆಯುವ ಮೊದಲು ಹಂತಹಂತವಾಗಿ ನೀರು ಏರಿಸುವುದು, ಮೊಟ್ಟೆಯ ತಿಂಗಳುಗಳಲ್ಲಿ ಏರಿಳಿತ ತಗ್ಗಿಸುವುದು ಇವಕ್ಕೆ ಹೆಚ್ಚುವರಿ ನೀರು ಬೇಕಿಲ್ಲ, ವೇಳಾಪಟ್ಟಿ ಸಾಕು.

2022ರಲ್ಲಿ ರಂಗನತಿಟ್ಟು ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು; ಕರ್ನಾಟಕದ ಮೊದಲ ರಾಮ್ಸಾರ್ ತಾಣ. ಪಟ್ಟಿಗೆ ಕೊಟ್ಟ ವಿಸ್ತೀರ್ಣ ಹಳೆಯ 67 ಹೆಕ್ಟೇರ್ ಅಲ್ಲ, ಹೊಳೆಯ ಉದ್ದದ ಭಾಗವೂ ಸೇರಿ ಸುಮಾರು 518 ಹೆಕ್ಟೇರ್. ಅದರಲ್ಲಿ ಸುಮಾರು 225 ಬಗೆಯ ಹಕ್ಕಿ, 69 ಬಗೆಯ ಮೀನು, 188ಕ್ಕೂ ಹೆಚ್ಚು ಬಗೆಯ ಗಿಡಮರಗಳ ಲೆಕ್ಕವಿದೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಕರಿತಲೆಯ ಕೆಂಬರಲು ಈ ಮೂರರಲ್ಲೂ ಜಗತ್ತಿನ ಒಟ್ಟು ಸಂಖ್ಯೆಯ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲು ಇಲ್ಲಿದೆ ಎಂಬುದು ಸೇರ್ಪಡೆಗೆ ಸಿಕ್ಕ ಬಲ. ಜೊತೆಗೆ ನೀರುನಾಯಿ, ಮೊಸಳೆ, ಕಾವೇರಿಗೇ ಸೀಮಿತವಾದ ಗೂನುಬೆನ್ನಿನ ಮಹಶೀರ್ ಮೀನು. ಮಹಶೀರ್ ಹೆಸರು ಹಕ್ಕಿ ನೋಡುವವರ ಬಾಯಲ್ಲಿ ಅಪರೂಪ, ಆದರೆ ಈ ಪಟ್ಟಿಯಲ್ಲಿ ಅಳಿವಿನ ಅಂಚಿಗೆ ತೀರ ಹತ್ತಿರವಿರುವುದು ಅದೇ.

ನೆರೆಯ ತಾಲ್ಲೂಕುಗಳು

ರಂಗನತಿಟ್ಟಿನ ಹೆಸರು ದೊಡ್ಡದಾದಷ್ಟೂ ನೆರೆಯ ಜಾಗಗಳು ಮರೆಗೆ ಸರಿದವು. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ರಾಮಾನುಜಾಚಾರ್ಯರ ಕಾಲದ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಮುಂದೆ ಮೋತಿ ತಲಾಬ್ ಎನ್ನಿಸಿಕೊಂಡಿತು. ಎರಡು ಗುಡ್ಡಗಳ ನಡುವೆ ಏರಿ ಹಾಕಿದ ಆಳದ ಕೆರೆಯಾದ್ದರಿಂದ ಕಾಲೂರಿ ಮೇಯುವ ಹಕ್ಕಿಗಳಿಗಿಂತ ಮುಳುಗಿ ಮೀನು ಹಿಡಿಯುವವಕ್ಕೆ ಹೊಂದುವಂಥದ್ದು. ನೀರುಕಾಗೆ, ಮಿಂಚುಳ್ಳಿಗಳನ್ನು ಏರಿಯ ಮೇಲೆ ಕೂತು ನೋಡಬಹುದು, ಟಿಕೆಟ್ಟಿಲ್ಲ. ಭಾನುವಾರ ಬಿಟ್ಟು ಹೋಗಬೇಕು, ಅಷ್ಟೆ.

ಅಲ್ಲಿಂದ ಮೇಲಕ್ಕೆ ಮೇಲುಕೋಟೆ. ವೈರಮುಡಿಗೂ ಪುಳಿಯೋಗರೆಗೂ ಊರು ತಿಳಿದಿರುವವರಲ್ಲಿ, ಅಲ್ಲೊಂದು ವನ್ಯಧಾಮವಿದೆಯೆಂದು ತಿಳಿದವರು ಕಡಿಮೆ. 1974ರಲ್ಲಿ ತೋಳಗಳಿಗಾಗಿ ಗುರುತಿಸಿದ ಈ ಧಾಮ 49.82 ಚದರ ಕಿಲೋಮೀಟರ್; ಪಾಂಡವಪುರ ತಾಲ್ಲೂಕಿನಿಂದ ಕೆ.ಆರ್. ಪೇಟೆ ತಾಲ್ಲೂಕಿನ ನಾರಾಯಣದುರ್ಗದ ಕಡೆಗೂ ಚಾಚಿದೆ. ಇಲ್ಲಿ ಹಕ್ಕಿ ನೋಡುವವರು ಹುಡುಕಿಕೊಂಡು ಬರುವುದು ಹಳದಿ ಕೊರಳಿನ ಪಿಕಳಾರವನ್ನು. ದಕ್ಷಿಣ ಭಾರತದ ಬಂಡೆಗುಡ್ಡ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು, ಅಪಾಯಕ್ಕೆ ಸಿಲುಕಿದ ಪಟ್ಟಿಯಲ್ಲಿದೆ. ಕುರುಚಲು ಪೊದೆ ಮುಚ್ಚಿದ ಬಂಡೆಸಾಲು ಅದಕ್ಕೆ ಬೇಕು. ಬಂಡೆ ಹೋದರೆ ಹಕ್ಕಿಯೂ ಹೋಯಿತು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿ ಸ್ಫೋಟಗಳ ಬಗ್ಗೆ ವರ್ಷಗಟ್ಟಲೆ ಚರ್ಚೆ ನಡೆದದ್ದು ಕೆಆರ್‌ಎಸ್‌ ಸುರಕ್ಷತೆಯ ಮಾತಾಗಿ. ಬಂಡೆಯನ್ನೇ ಮನೆ ಮಾಡಿಕೊಂಡ ಜೀವಗಳ ಮಾತು ಆ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ.

ಕೆ.ಆರ್. ಪೇಟೆ ತಾಲ್ಲೂಕಿಗೆ ಹೇಮಾವತಿಯ ಹೇಮಗಿರಿ ಇದೆ, ಅಂಬಿಗರಹಳ್ಳಿಯ ಸಂಗಮದ ಕಡೆ ಕನ್ನಂಬಾಡಿಯ ಹಿನ್ನೀರು ಇದೆ. ಹಿನ್ನೀರು ಇಳಿದು ಕೆಸರುಬಯಲು ತೆರೆದಾಗ ವಲಸೆ ಹಕ್ಕಿಗಳು ಇಳಿಯುತ್ತವೆ. ಈ ತಾಲ್ಲೂಕಿನ ಕೆರೆಗಳದ್ದು ಮಾತ್ರ ಸಂಕಟದ ಕಥೆ: ಹೂಳು ತುಂಬಿದವು, ಜೊಂಡು ಮುಚ್ಚಿದವು, ಅಂಚು ಒತ್ತುವರಿಯಾದವು. ಹೂಳೆತ್ತಿಸುವವರು ಕೆರೆಯನ್ನು ಬಾಣಲೆಯ ಹಾಗೆ ಸುತ್ತಲೂ ಸಮನಾಗಿ ಕೊರೆದರೆ, ಕಾಲೂರಿ ನಿಲ್ಲುವ ತೆಳುನೀರಿನ ಅಂಚೇ ಇಲ್ಲವಾಗುತ್ತದೆ. ನೀರಿದ್ದೂ ಕೊಕ್ಕರೆಗೆ ಪ್ರಯೋಜನವಿಲ್ಲ.

ನಾಗಮಂಗಲ ಒಣ ಸೀಮೆ, ಅಲ್ಲಿಯ ಹಕ್ಕಿ ನವಿಲು. ಕಾಲಭೈರವನ ಕ್ಷೇತ್ರ ಆದಿಚುಂಚನಗಿರಿಯ ಬೆಟ್ಟದ ಸುತ್ತ 1981ರಲ್ಲಿ ನವಿಲುಧಾಮ ಘೋಷಣೆಯಾಯಿತು. ಒಂದು ಚದರ ಕಿಲೋಮೀಟರಿಗೂ ಕಡಿಮೆ ಜಾಗ. ಮಠದ ನೆರಳಿನಲ್ಲಿ ನವಿಲಿಗೆ ಕಲ್ಲು ಬೀಸುವವರಿಲ್ಲ, ಭಕ್ತರು ಕಾಳು ಹಾಕುತ್ತಾರೆ. ಧಾಮದ ಗೆರೆ ನವಿಲಿಗೆ ಗೊತ್ತಿಲ್ಲ. ಬಿತ್ತಿದ ಕಾಳು ಕೆದಕುವ, ರಾಗಿ ತೆನೆ ಕುಕ್ಕುವ ಅದರ ಮೇಲೆ ಸುತ್ತಿನ ರೈತರಿಗೆ ಸಿಟ್ಟೂ ಇದೆ, ಷಣ್ಮುಖನ ವಾಹನವೆಂಬ ಹಿಂಜರಿಕೆಯೂ ಇದೆ.

ಈ ನಾಲ್ಕು ತಾಲ್ಲೂಕುಗಳನ್ನು ಹಕ್ಕಿಗಾಗಿ ಸುತ್ತಬೇಕೆನ್ನುವವರು ಮೊದಲು ‘ಒಂದು ದಿನದ ಟೂರ್’ ಪಟ್ಟಿಯನ್ನು ಬದಿಗಿಡಬೇಕು. ಜನವರಿಯಿಂದ ಮಾರ್ಚ್‌ವರೆಗೆ ಬಣ್ಣದ ಕೊಕ್ಕರೆಗಳ ಗೂಡೂ ಚಳಿಗಾಲದ ವಲಸೆ ಹಕ್ಕಿಗಳೂ ಒಟ್ಟಿಗೆ ಸಿಗುತ್ತವೆ. ರಂಗನತಿಟ್ಟಿಗೆ ಬಾಗಿಲು ತೆರೆದ ಕೂಡಲೇ ಹೋಗಿ, ಮೊದಲ ದೋಣಿ ಹಿಡಿಯಿರಿ. ಶ್ರೀರಂಗಪಟ್ಟಣದಲ್ಲೋ ಮೇಲುಕೋಟೆಯಲ್ಲೋ ರಾತ್ರಿ ಉಳಿದರೆ ಪಿಕಳಾರಕ್ಕೆ ಮರುದಿನದ ಬೆಳಗು ಸಿಗುತ್ತದೆ. ಮಳೆಗಾಲದಲ್ಲಿ ಹೊರಡುವವರು ಕೆಆರ್‌ಎಸ್‌ ಹೊರಹರಿವು ಎಷ್ಟಿದೆಯೆಂದು ಬೆಳಗಿನ ಪತ್ರಿಕೆಯಲ್ಲಿ ನೋಡಿಕೊಂಡು ಹೊರಡುವುದು ಒಳ್ಳೆಯದು. ಹೊಳೆ ಏರಿದ ದಿನ ದೋಣಿ ಬಿಡುವುದಿಲ್ಲ.